ಮಾತು ಪೂರ್ತಿ ಆಗಲಿ, ತಡೀರಿ

ಇವತ್ತು ಮುಂಜಾನೆ ನಿಪ್ಪಾಣಿ ಬಸ್ಸಿನಾಗ ಒಬ್ಬ ಹುಡುಗ "ಚಿ... ಚಿ..." ಅಂತ ನಿಂತುಬಿಟ್ಟ. ಕಣ್ಣು ಮುಚ್ಚಿ, ಮುಂದಿನ ಸೀಟಿನ ಸರಳು ಬಿಗಿಯಾಗಿ ಹಿಡಕೊಂಡಿದ್ದ. ಬಾಜೂದವರು ಪಾಪ ಅನಿಸಿ "ಚಿಕ್ಕೋಡಿ ಹೌದಲ್ಲೋ ತಮ್ಮಾ?" ಅಂದ್ರು. ಹುಡುಗ ಗೋಣು ಹಾಕಿದ. ಟಿಕೆಟ್ ಸಿಕ್ತು, ಮಾತು ಮಾತ್ರ ಒಳಗ ಉಳೀತು.

ಉಗ್ಗು ಇರೋರ ಬಳಗದಾಗ ನಾನೂ ಕೈಜೋಡಿಸೀನಿ. ಅಥಣಿ, ಕಾಗವಾಡ, ರಾಯಬಾಗದವರೆಲ್ಲಾ ವಾರಕ್ಕೊಮ್ಮೆ ಫೋನಿನಾಗ ಸೇರತೀವಿ. ಅಲ್ಲಿ ನನ್ನ ಮುಖ್ಯ ಕೆಲಸ ಅಂದ್ರ, ಒಬ್ಬರ ಮಾತನ್ನ ಇನ್ನೊಬ್ಬರು ಮುಗಿಸದಂಗ ನೋಡಿಕೊಳ್ಳೋದು. ಬರೇ ಹೆಸರು ಹೇಳಾಕ ಎಷ್ಟು ಹೊತ್ತು ಹಿಡದ್ರೂ ಎಲ್ಲಾರೂ ಕಾಯತೀವಿ.

ದೊಡ್ಡವರಲ್ಲಿ ಸುಮಾರು ನೂರಕ್ಕ ಒಬ್ಬರಿಗೆ ಉಗ್ಗು ಇರತೈತಿ. ಬುದ್ಧಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. 1965ರಾಗ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯೊಳಗ ಥೆರಪಿ ಸಿಗತೈತಿ ಖರೆ, ಆದ್ರ ಚಿಕ್ಕೋಡಿ ಹುಡುಗಗ ಅದು ರಾಜ್ಯದ ಆ ತುದಿ. ನಾವು ಇಲ್ಲೇ ಮಾಡಬಹುದಾದದ್ದೂ ಐತಿ. "ಸಾವಕಾಶ ಹೇಳು" ಅನ್ನೋದೂ ಬ್ಯಾಡ. ಮುಖ ನೋಡಿ, ಸುಮ್ಮನ ಕೇಳ್ರಿ.

ನಿಮ್ಮ ಮನ್ಯಾಗ, ಸಾಲ್ಯಾಗ, ಅಂಗಡ್ಯಾಗ ಉಗ್ಗು ಇರೋರು ಅದಾರೇನು? ಅವರು ಮಾತಾಡೂಮುಂದ ನೀವು ಏನು ಮಾಡತೀರಿ? ಬರೀರಿ.