ಕೇಳದೆ ಬಂದ ಬಡ್ತಿ

ಒಬ್ಬ ಮನುಷ್ಯನ ವಯಸ್ಸನ್ನು ತಿಳಿಯಲು ಅವನ ಜಾತಕವನ್ನು ಬಿಚ್ಚಬೇಕಾಗಿಲ್ಲ. ಸೊಪ್ಪು ಮಾರುವವಳು ಅವನನ್ನು ಏನೆಂದು ಕರೆಯುತ್ತಾಳೆಂಬುದನ್ನು ಕೇಳಿಸಿಕೊಂಡರೆ ಸಾಕು. ನಮ್ಮ ಬೀದಿಗೆ ಬರುವಾಕೆ ನನ್ನನ್ನು ಬಹುಕಾಲ 'ತಮ್ಮಾ' ಎನ್ನುತ್ತಿದ್ದಳು. ಮದುವೆಯಾದ ಮರುವರ್ಷದಿಂದ 'ಅಣ್ಣಾ' ಆದೆ. ಈಗ ಕೆಲವು ತಿಂಗಳಿಂದ 'ಯಜಮಾನ್ರೇ' ಎನ್ನತೊಡಗಿದ್ದಾಳೆ. ನನಗಿನ್ನೂ 37. ಕಾಲೇಜಿನಲ್ಲಿ ಒಂದು ಬಡ್ತಿ ಬೇಕಾದರೆ ಅರ್ಜಿ, ಸೇವಾಪುಸ್ತಕ, ಜ್ಯೇಷ್ಠತಾ ಪಟ್ಟಿ ಎಂದು ಎಷ್ಟು ಬಾಗಿಲುಗಳನ್ನು ತಟ್ಟಬೇಕೆಂಬುದು ಈ ವೃತ್ತಿಯಲ್ಲಿರುವವರಿಗೆ ಗೊತ್ತು. ಇಲ್ಲಿ ಅರ್ಜಿಯಿಲ್ಲ, ಆದೇಶವಿಲ್ಲ, ತುಟ್ಟಿಭತ್ಯೆಯೂ ಇಲ್ಲ. ಒಂದು ಕಟ್ಟು ದಂಟಿನ ಸೊಪ್ಪಿನೊಡನೆ ಬಡ್ತಿ ಬಂದುಬಿಟ್ಟಿತು.

'ಯಜಮಾನ್ರೇ' ಎಂಬುದರಲ್ಲಿ ಸ್ವಲ್ಪ ಗೌರವವಾದರೂ ಇದೆ. 'ಅಂಕಲ್' ಎಂಬುದನ್ನು ಮಾತ್ರ ನನ್ನ ಕಿವಿ ಇನ್ನೂ ಒಪ್ಪಿಕೊಂಡಿಲ್ಲ. ದೊಡ್ಡಪ್ಪನೆಂದರೆ ಮನೆಯಲ್ಲಿ ಒಂದು ಅಧಿಕಾರ, ಚಿಕ್ಕಪ್ಪನೆಂದರೆ ಸಲಿಗೆ, ಸೋದರಮಾವನೆಂದರೆ ಮದುವೆ ಮುಂಜಿಗಳಲ್ಲಿ ಒಂದು ಸ್ಥಾನ. ಅಂಕಲ್ ಎಂಬುದರಲ್ಲಿ ನಂಟೂ ಇಲ್ಲ, ಗಂಟೂ ಇಲ್ಲ, ಇರುವುದು ವಯಸ್ಸೊಂದೇ. ಒಂದು ಸಂಜೆ ಕಿಕ್ಕಿರಿದ ಬಸ್ಸಿನಲ್ಲಿ ತರುಣನೊಬ್ಬ ಎದ್ದು, "ಕೂತ್ಕೊಳ್ಳಿ ಅಂಕಲ್" ಎಂದ. ಕಿವಿಗೆ ನೋವಾಯಿತು. ಮೊಣಕಾಲು ಮಾತ್ರ ಆ ಹುಡುಗನನ್ನು ಮನಸಾರೆ ಹರಸಿತು.

ಕಿವಿಯೆಂದಾಗ ಕಾಳಿದಾಸನ ನೆನಪಾಗುತ್ತದೆ. 'ರಘುವಂಶ'ದ 12ನೆಯ ಸರ್ಗದಲ್ಲಿ ಮುಪ್ಪು ನರೆಗೂದಲಿನ ವೇಷ ಧರಿಸಿ ದಶರಥನ ಕಿವಿಯ ಬಳಿಗೆ ಬಂದು, ಕೈಕೇಯಿಗೆ ಎಲ್ಲಿ ಕೇಳಿಸೀತೋ ಎಂದು ಅಂಜಿದಂತೆ, ರಾಜ್ಯವನ್ನು ರಾಮನಿಗೆ ಒಪ್ಪಿಸೆಂದು ಪಿಸುಗುಡುತ್ತದೆ. ನನ್ನ ನರೆಯೂ ಶಾಸ್ತ್ರೋಕ್ತವಾಗಿ ಕಿವಿಯ ಬಳಿಯಲ್ಲಿಯೇ ಮೂಡಿದೆ. ಒಪ್ಪಿಸಲು ರಾಜ್ಯವಿಲ್ಲದ್ದರಿಂದ, ಭವಿಷ್ಯನಿಧಿಯ ಪತ್ರದಲ್ಲಿ ಹೆಂಡತಿಯ ಹೆಸರು ಸರಿಯಾಗಿದೆಯೇ ನೋಡೆಂದು ಹೇಳುತ್ತಿರಬೇಕು. ಕಿತ್ತುಹಾಕೋಣವೆಂದರೆ ಆಕೆಯೇ ಬಿಡಲಿಲ್ಲ. "ಇರಲಿ ಬಿಡಿ. ಈಗಲಾದರೂ ಹುಡುಗರು ಸ್ವಲ್ಪ ಹೆದರ್ತಾರೆ" ಎಂದಳು. ಮಾತು ಸುಳ್ಳಾಗಲಿಲ್ಲ. ಮುಪ್ಪು ಬರುವ ಮುನ್ನವೇ ದೇವರನ್ನು ನೆನೆಯೆಂದು ಎಚ್ಚರಿಸುವ ಬಸವಣ್ಣನವರ ವಚನವನ್ನು 26ರ ವಯಸ್ಸಿನಲ್ಲಿ ನಾನು ಪಾಠ ಮಾಡಿದಾಗ ತರಗತಿಗೆ ತರಗತಿಯೇ ಆಕಳಿಸುತ್ತಿತ್ತು. ಈಗ ಅದೇ ವಚನ ಬಂದೊಡನೆ ಮುಂದಿನ ಬೆಂಚಿನ ಕಣ್ಣುಗಳೆಲ್ಲ ನನ್ನ ಕಿವಿಯತ್ತ ತಿರುಗುತ್ತವೆ. ಟಿಪ್ಪಣಿ ಬರೆಸುವ ಶ್ರಮ ತಪ್ಪಿದೆ.

ಮುಂದಿನ ಮೆಟ್ಟಿಲು ಕಣ್ಣಿನದು. ಅದಕ್ಕೆ ನಮ್ಮವರು ಇಟ್ಟಿರುವ ಹೆಸರು 'ಚಾಳೀಸು'. ಹಿಂದೂಸ್ತಾನಿಯಲ್ಲಿ ಹಾಗೆಂದರೆ ನಲವತ್ತು. ಬರುವ ವಯಸ್ಸನ್ನೇ ಹೆಸರಾಗಿ ಹೊತ್ತ ದೋಷ! ಕಣ್ಣಿನೊಳಗಿನ ಮಸೂರ ವರ್ಷವರ್ಷಕ್ಕೆ ಗಡುಸಾಗುತ್ತ, ಹತ್ತಿರದ ಅಕ್ಷರಕ್ಕೆ ತಕ್ಕಂತೆ ಉಬ್ಬಿಕೊಳ್ಳುವುದನ್ನು ಬಿಡುತ್ತದೆಯಂತೆ. ನಮ್ಮ ವಿಭಾಗದ ಹಿರಿಯರೊಬ್ಬರು ಉತ್ತರಪತ್ರಿಕೆಯನ್ನು ಚಾಚಿದ ತೋಳಿನ ತುದಿಯಲ್ಲಿ ಹಿಡಿದು ಓದುತ್ತಾರೆ. "ಕಣ್ಣು ಚೆನ್ನಾಗಿದೆಯಪ್ಪಾ, ಕೈಯೇ ಗಿಡ್ಡವಾಯಿತು" ಎಂಬುದು ಅವರ ವಾದ. ಪತ್ರಿಕೆ ದೂರ ಹೋದಷ್ಟೂ ಅಂಕ ಹೆಚ್ಚುತ್ತದೆಂಬುದು ಹುಡುಗರ ನಂಬಿಕೆ.

ಹಳಬರು ಇದಕ್ಕೆಲ್ಲ ನಮ್ಮಷ್ಟು ಅಂಜಿದಂತೆ ಕಾಣುವುದಿಲ್ಲ. 60 ಸಂವತ್ಸರಗಳ ಸುತ್ತು ಮುಗಿದು, ಹುಟ್ಟಿದ ಸಂವತ್ಸರವೇ ಮರಳಿ ಬಂದಾಗ ಅವರು ಷಷ್ಟ್ಯಬ್ದಿ ಮಾಡಿಕೊಂಡು ಅದೇ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟಿದರು. ಧೈರ್ಯವೆಂದರೆ ಅದು! ಅರುವತ್ತಕ್ಕೆ ಅರಳುಮರುಳು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. 1896ರಲ್ಲಿ ಹುಟ್ಟಿದ ಬೇಂದ್ರೆಯವರು ತಮ್ಮ ಅರುವತ್ತರ ಹೊತ್ತಿಗೆ ಬಂದ ಕವನಸಂಗ್ರಹಕ್ಕೆ 'ಅರಳು ಮರಳು' ಎಂದು ಹೆಸರಿಟ್ಟರು. ಮರುಳಿನ ಒಂದು ಕೊಂಬನ್ನು ಕಿತ್ತುಹಾಕಿದ್ದೇ ತಡ, ಮುದುಕರ ಮಂಕು ಹೋಗಿ ಹೂವು ಮತ್ತೆ ಅರಳಿತು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು.

ನಮ್ಮ ದೊಡ್ಡಪ್ಪ ಕವಿಗಳಲ್ಲ. ಅವರು 64 ವರ್ಷದವರೆಗೂ ಕೂದಲಿಗೆ ಬಣ್ಣ ಹಚ್ಚುತ್ತಿದ್ದರು. ಅಜ್ಜಿ ಅವರನ್ನು 'ಏ ಹುಡುಗಾ' ಎಂದೇ ಕೂಗುತ್ತಿದ್ದಳು. ಪಿಂಚಣಿ ತರಲು ಹೊರಟಾಗಲೂ, "ಏ ಹುಡುಗಾ, ರಸ್ತೆ ದಾಟುವಾಗ ಜೋಪಾನ ಕಣೋ" ಎಂದು ಬಾಗಿಲವರೆಗೆ ಬರುತ್ತಿದ್ದಳು. ನಾವು ಮಕ್ಕಳು ಕಂಬದ ಮರೆಯಲ್ಲಿ ನಿಂತು ನಗುತ್ತಿದ್ದೆವು. ಅಜ್ಜಿಯ ಉತ್ತರಕ್ರಿಯೆಗೆಂದು ಬೋಳಿಸಿದ ತಲೆಯಲ್ಲಿ ಕೂದಲು ಮತ್ತೆ ಬೆಳೆದಾಗ ಅದು ಹತ್ತಿಯಂತೆ ಬೆಳ್ಳಗಿತ್ತು. ದೊಡ್ಡಪ್ಪ ಬಣ್ಣದ ಸೀಸೆಯನ್ನು ಮತ್ತೆ ಮುಟ್ಟಲಿಲ್ಲ. ಯಾರೋ ಕೇಳಿದರು. "ಇನ್ನು ನನ್ನನ್ನು ಹುಡುಗ ಅನ್ನೋರು ಯಾರಿದ್ದಾರೆ?" ಎಂದಷ್ಟೇ ಹೇಳಿದರು.

ಆ ಲೆಕ್ಕದಲ್ಲಿ ನನ್ನ ಯೌವನದ ಠೇವಣಿ ಈಗ ಇರುವುದು ಒಂದೇ ಕಡೆ. ತಂದೆಯವರಿಲ್ಲ, ಅಮ್ಮನಿಗೆ 71. ಕನ್ನಡಕ ಎಲ್ಲಿಟ್ಟೆನೆಂಬುದು ಅವಳಿಗೆ ಮರೆಯುತ್ತದೆ. ಒಲೆಯ ಮೇಲೆ ಹಾಲಿಟ್ಟದ್ದೂ ಒಮ್ಮೊಮ್ಮೆ ಮರೆಯುತ್ತದೆ. ನನ್ನನ್ನು 'ಪುಟ್ಟಾ' ಎನ್ನುವುದು ಮಾತ್ರ ಮರೆತಿಲ್ಲ. ಆ ಕೂಗು ಹೊರಗಿನವರ ಕಿವಿಗೆ ಬಿದ್ದರೆ ನಾನು ಮುಜುಗರಪಡುತ್ತಿದ್ದ ಕಾಲವೊಂದಿತ್ತು.

ಕಳೆದ ಭಾನುವಾರ ಎಂ.ಎ. ತರಗತಿಯ ಇಬ್ಬರು ಪುಸ್ತಕ ಕೇಳಲು ಮನೆಗೆ ಬಂದಿದ್ದರು. ಹರಿಹರನ ರಗಳೆಗಳ ವಿಚಾರವಾಗಿ ಗಂಭೀರವಾದ ಚರ್ಚೆ ನಡೆದಿತ್ತು. ಅಷ್ಟರಲ್ಲಿ ಒಳಗಿನಿಂದ, "ಪುಟ್ಟಾ, ಕಾಫಿ ಆರಿಹೋಗ್ತಿದೆ, ಬಾರೋ!" ಎಂದು ಕೂಗು ಬಂದಿತು. ಹುಡುಗರು ತಲೆ ತಗ್ಗಿಸಿ ನಗುವನ್ನು ನುಂಗಿಕೊಂಡರು. "ಬಂದೆ ಅಮ್ಮಾ" ಎಂದು ನಾನು ರಗಳೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.