ಮುಳುಗಿದ ಊರು ಲೈಬ್ರರಿಯಲ್ಲಿ ಸಿಕ್ಕಿತು

ಆಫೀಸಿನ ಟೀ ಬ್ರೇಕ್‌ನಲ್ಲಿ ಮಾತು ಅದು ಹೇಗೋ ವಂಶವೃಕ್ಷದ ಕಡೆ ಹೊರಳಿತು. ಬೆಳಗಾವಿ ಕಡೆಯ ಸಹೋದ್ಯೋಗಿಯೊಬ್ಬ, 'ನಮ್ಮನಿಗೆ ಹೆಳವರು ಬರ್ತಾರೆ. ನಮ್ಮ ಹಿರಿಯರ ಹೆಸರೆಲ್ಲ ಹೇಳಿ, ಕಾಳು ಇಸ್ಕೊಂಡು ಹೋಗ್ತಾರೆ' ಅಂದ. ನನಗೆ ಮುತ್ತಜ್ಜನ ಹೆಸರಿನಿಂದಾಚೆ ಏನೂ ಗೊತ್ತಿರಲಿಲ್ಲ. ಊರಿಗೆ ಹೋಗಿ ಕೇಳೋಣ ಅಂದ್ರೆ ಊರೇ ಇಲ್ಲ. ಅಜ್ಜಿ ಮದುವೆಯಾಗಿ ಬಂದಿದ್ದ ಸಾಗರ ತಾಲ್ಲೂಕಿನ ಆ ಹಳ್ಳಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅಣೆಕಟ್ಟು ಮುಗಿದಿದ್ದು 1964ರಲ್ಲಿ.

ಅಜ್ಜಿಗೆ ಈಗ ಎಂಬತ್ನಾಲ್ಕು. ಹೋದ ವರ್ಷದಿಂದ ಮರೆವು ಶುರುವಾಗಿದೆ. ಒಂದೊಂದು ಸಲ ನನ್ನನ್ನೇ ಅತ್ತೆಯ ಹೆಸರಿನಿಂದ ಕರೀತಾರೆ. ಇನ್ನು ತಡ ಮಾಡಬಾರದು ಅನ್ನಿಸಿ, ಒಂದು ಶನಿವಾರ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೊರಟೆ.

ಆ ಕೆಂಪು ಕಟ್ಟಡದ ಮುಂದೆ ನೀವೂ ಫೋಟೊ ತೆಗೆಸಿಕೊಂಡಿರುತ್ತೀರಿ. ಒಳಗೆ ಹೋದವರು ಕಡಿಮೆ. ನಾನೂ ಎಂಟು ವರ್ಷದಿಂದ ಬೆಂಗಳೂರಿನಲ್ಲಿದ್ದು ಅವತ್ತೇ ಮೊದಲು ಮೆಟ್ಟಿಲು ಹತ್ತಿದ್ದು. ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿಸಿದ ಭವನ ಇದು. 1915ರಿಂದ ಇಲ್ಲಿ ಗ್ರಂಥಾಲಯವಿದೆ. ಎದುರಿಗೆ ಅವರ ಪ್ರತಿಮೆ ನಿಂತಿದೆ. ಶಿವನಸಮುದ್ರದ ಜಲವಿದ್ಯುತ್ ಯೋಜನೆ ಶುರುವಾಗಿದ್ದು ಇವರ ಕಾಲದಲ್ಲೇ. ನಮ್ಮೂರು ಮುಳುಗಿದ್ದೂ ಕರೆಂಟಿಗಾಗಿಯೇ. ಅವರನ್ನು ದೂರಬೇಕು ಅಂತ ಅನ್ನಿಸಲಿಲ್ಲ. ಆದರೂ ಒಂದು ನಿಮಿಷ ಅಲ್ಲೇ ನಿಂತೆ.

ನಿಜ ಹೇಳ್ಬೇಕು ಅಂದ್ರೆ, ಮನೆತನದ ಹೆಸರು ಹೇಳಿದರೆ ಯಾರೋ ಒಂದು ರಿಜಿಸ್ಟರ್ ತೆಗೆದುಕೊಡ್ತಾರೆ ಅಂದ್ಕೊಂಡಿದ್ದೆ. ದಿನವಿಡೀ ಸರ್ಚ್ ಬಾಕ್ಸ್ ಮುಂದೆ ಕೂರುವವಳ ಯೋಚನೆ ಅಷ್ಟೇ ಇರುತ್ತೆ. ಕೌಂಟರಿನಲ್ಲಿದ್ದವರು ನಕ್ಕು, 'ಹೆಸರು ಹುಡುಕಬೇಡಿ ಮೇಡಂ, ಊರು ಹುಡುಕಿ. ಯಾವ ತಾಲ್ಲೂಕು?' ಅಂದರು. ಆಮೇಲೆ ಎರಡು ಹಳೇ ಪುಸ್ತಕ ತಂದಿಟ್ಟರು.

ಮೊದಲನೆಯದು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎಂಟನೇ ಸಂಪುಟ, 1904ರದ್ದು. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಹಳೇ ಮೈಸೂರು ಮತ್ತು ಕೊಡಗಿನ ಸಾವಿರಾರು ಶಾಸನಗಳನ್ನು ಓದಿಸಿ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದರು. ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ಇವೆ. ಯಾವ ಶಾಸನ ಯಾವ ಊರಿನಲ್ಲಿ, ಎಲ್ಲಿ ನಿಂತಿದೆ ಅನ್ನೋದನ್ನೂ ಬರೆದಿದ್ದಾರೆ. ನಮ್ಮೂರಿನ ಹೆಸರಿನ ಕೆಳಗೆ ದೇವಸ್ಥಾನದ ಹತ್ತಿರದ ಒಂದು ವೀರಗಲ್ಲು, ನಾಲ್ಕೇ ಸಾಲು. ಅರ್ಧ ಸವೆದುಹೋಗಿದ್ದರಿಂದ ಸತ್ತವನ ಹೆಸರೂ ಪೂರ್ತಿ ಇಲ್ಲ. ಕಲ್ಲು ಅರವತ್ತು ವರ್ಷದಿಂದ ನೀರಿನ ತಳದಲ್ಲಿದೆ. ಅಕ್ಷರ ಮಾತ್ರ ನನ್ನ ಕೈಯಲ್ಲಿತ್ತು.

ಎರಡನೆಯದು 1961ರ ಜನಗಣತಿಯ ಶಿವಮೊಗ್ಗ ಜಿಲ್ಲಾ ಕೈಪಿಡಿ. ಪ್ರತಿ ಹಳ್ಳಿಗೆ ಒಂದು ಸಾಲು: ವಿಸ್ತೀರ್ಣ, ಮನೆ, ಗಂಡಸರು, ಹೆಂಗಸರು, ಓದು ಬಲ್ಲವರು. ಮುಳುಗಡೆಗೆ ಮುಂಚಿನ ಕೊನೆಯ ಜನಗಣತಿ ಅದು. ನಮ್ಮೂರಿನ ಸಾಲಿನಲ್ಲಿ ಮನೆ 19 ಅಂತಿತ್ತು. ಆ ಲೆಕ್ಕದಲ್ಲಿ ಇಪ್ಪತ್ತು ವರ್ಷದ ನನ್ನ ಅಜ್ಜಿಯೂ ಇದ್ದರು.

ಹೊರಗೆ ಬಂದು ಮರದ ಕೆಳಗೆ ಕೂತು ಸಾಗರಕ್ಕೆ ಫೋನ್ ಮಾಡಿದೆ. ಅಮ್ಮ ಅಜ್ಜಿಗೆ ಕೊಟ್ಟರು.

'ಅಜ್ಜಿ, ಹಳೇ ಊರಲ್ಲಿ ಎಷ್ಟು ಮನೆ ಇತ್ತು?'

'ಅದೆಲ್ಲ ಯಾರಿಗೆ ನೆನಪಿರ್ತದೆ ಮಾರಾಯ್ತಿ.'

'ಹತ್ತೊಂಬತ್ತು ಅಂತ ಸರ್ಕಾರದ ಪುಸ್ತಕದಲ್ಲಿದೆ.'

'ಹೌದಾ? ತಡಿ ನೋಡಣ' ಅಂದವರು ಹೊಳೆದಂಡೆಯಿಂದ ಶುರು ಮಾಡಿದರು. ಮೊದಲು ದೇವಸ್ಥಾನದ ಪಕ್ಕದ ಮನೆ, ಆಮೇಲೆ ಹಲಸಿನ ಮರದ ಮನೆ, ಅದರಾಚೆ ಮೇಲಿನ ಮನೆ. ಬೆಳಿಗ್ಗೆ ಏನು ತಿಂಡಿ ತಿಂದೆ ಅಂತ ನೆನಪಿಲ್ಲದವರು ಒಂದೊಂದೇ ಅಂಗಳ ದಾಟುತ್ತಾ ಹೋದರು. ಹದಿನೆಂಟಕ್ಕೆ ನಿಂತರು. ವೀರಗಲ್ಲಿನ ವಿಷಯ ಹೇಳಿದೆ. 'ಅದಕ್ಕೆ ನಾವು ದೀಪಾವಳಿಗೆ ಎಣ್ಣೆ ಹಚ್ತಿದ್ವಿ. ಅದರಲ್ಲಿ ಬರಹ ಇತ್ತಾ?' ಅಂತ ನನ್ನನ್ನೇ ಕೇಳಿದರು.

ಆಗ ಒಂದು ಗಮನಿಸಿದೆ. ಅಜ್ಜಿ ಹೇಳಿದ್ದರಲ್ಲಿ ಹೆಚ್ಚಿನವು ಹೆಂಗಸರ ಹೆಸರು. ಜೊತೆಗೆ ಬಟ್ಟೆ ಒಗೆದವರು, ನಾಟಿಗೆ ಬಂದವರು, ಬಾಣಂತನ ಮಾಡಿದವರು. ಜನಗಣತಿ ಪುಸ್ತಕದಲ್ಲಿ ಅವರು ಬರೀ ಒಂದು ಅಂಕಿ. ಹಳೇ ಪಹಣಿ ತೆಗೆಸಿದರೆ ಗಂಡಸರ ಹೆಸರಾದರೂ ಸಿಗಬಹುದು. ನನ್ನ ಮುತ್ತಜ್ಜಿಯ ಹೆಸರು ಯಾವ ದಾಖಲೆಯಲ್ಲೂ ಸಿಗುವ ಭರವಸೆ ನನಗಿಲ್ಲ. ಅದು ಇರುವುದು ಅಜ್ಜಿಯ ತಲೆಯಲ್ಲಿ ಮಾತ್ರ. ಅವತ್ತು ಕೇಳಿ ಬರೆದುಕೊಂಡೆ.

ನೀವೂ ಹುಡುಕುವುದಾದರೆ ಮೊದಲು ಮನೆಯ ಹಿರಿಯರ ಮಾತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಊರಿನ ಹಳೇ ತಾಲ್ಲೂಕು, ಜಿಲ್ಲೆ ಯಾವುದಿತ್ತು ಅಂತ ತಿಳಿದುಕೊಂಡು ಲೈಬ್ರರಿಗೆ ಹೋಗಿ. ಹಳೇ ಮೈಸೂರಿನವರಾದರೆ ರೈಸ್ ಸಂಪುಟಗಳನ್ನೂ ಹಯವದನ ರಾವ್ ಅವರ ಮೈಸೂರು ಗೆಜೆಟಿಯರನ್ನೂ ಕೇಳಿ. ಬೆಳಗಾವಿ, ಧಾರವಾಡ, ವಿಜಯಪುರದವರಿಗೆ 1884ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ಗಳಿವೆ. ಇವುಗಳಲ್ಲಿ ಹಲವು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಸಂಸ್ಥಾನದ ಕಾಲದ ಸರ್ಕಾರಿ ಕಡತಗಳು ವಿಕಾಸಸೌಧದ ರಾಜ್ಯ ಪತ್ರಾಗಾರದಲ್ಲಿವೆ. ಹಳೇ ಪಹಣಿ, ಮ್ಯುಟೇಶನ್ ಬೇಕಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಪುಸ್ತಕದಲ್ಲಿ ನಿಮ್ಮಜ್ಜನ ಹೆಸರು ಸಿಗದೇ ಇರಬಹುದು. ಆದರೆ ಅಜ್ಜಿಯ ಹತ್ತಿರ ಏನು ಕೇಳಬೇಕು ಅನ್ನೋದು ಗೊತ್ತಾಗುತ್ತೆ.

ಅವತ್ತು ರಾತ್ರಿ ಒಂಬತ್ತೂವರೆಗೆ ಅಮ್ಮನ ನಂಬರಿನಿಂದ ಮತ್ತೆ ಫೋನ್ ಬಂತು. ಅಜ್ಜಿ ನಿದ್ದೆ ಮಾಡಿರಲಿಲ್ಲ.

'ಪುಟ್ಟಿ, ಪುಸ್ತಕದವರು ಸರಿಯಾಗೇ ಬರ್ದಿದಾರೆ. ಒಂದು ಮನೆ ಬಿಟ್ಟೋಗಿತ್ತು.'

'ಯಾರ ಮನೆ ಅಜ್ಜಿ?'

'ನಮ್ದೇ.'