ಹೂಟಗಳ್ಳಿ: ಹಳ್ಳಿಯೊಳಗೆ ಬಂದು ನಿಂತ ನಗರ

ಮೈಸೂರಿನಿಂದ ಹುಣಸೂರಿನ ಮಾರ್ಗವಾಗಿ ಪಶ್ಚಿಮಕ್ಕೆ ಸಾಗುವವರಿಗೆ ಹಿನಕಲ್ಲಿನ ಮೇಲ್ಸೇತುವೆಯನ್ನು ದಾಟಿದೊಡನೆ ಹೂಟಗಳ್ಳಿ ಎದುರಾಗುತ್ತದೆ. ಒಂದು ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಆರಂಭವಾಯಿತು ಎಂಬುದನ್ನು ಇಂದು ಅಂಗಡಿಗಳ ಫಲಕಗಳನ್ನು ಓದಿಯೇ ತಿಳಿಯಬೇಕು. ಹಿನಕಲ್ಲಿನಲ್ಲಿ ಹೊಯ್ಸಳರ ಕಾಲದ ನನ್ನೇಶ್ವರ ದೇವಾಲಯವಿದೆ. ಅದರ ದರ್ಶನಕ್ಕೆ ಹೋಗುವ ಭಕ್ತರು ಇನ್ನಷ್ಟು ಮುಂದೆ ಸಾಗಿ ಹೂಟಗಳ್ಳಿಯನ್ನೂ ನೋಡಿ ಬರಬೇಕೆಂಬುದು ನಮ್ಮ ಅಭಿಪ್ರಾಯ. ಅಲ್ಲಿ ನಾವು ನೋಡತಕ್ಕದ್ದು ಶಿಲ್ಪವನ್ನಲ್ಲ, ಜನರನ್ನು.

ಈ ಭಾಗಕ್ಕೆ ಜನರನ್ನು ಕರೆತಂದುದು ಕಾಯಕ. ಕೈಗಾರಿಕಾ ಪ್ರದೇಶ ತಲೆಯೆತ್ತಿತು. ಸಮೀಪದ ಬೆಳವಾಡಿಯಲ್ಲಿ ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆ ೧೯೮೦ರ ದಶಕದಲ್ಲಿ ಕೆಲಸ ಆರಂಭಿಸಿತು. ಗೃಹಮಂಡಳಿಯ ಬಡಾವಣೆ ಬಂದಿತು. ನಂಜನಗೂಡು, ಗುಂಡ್ಲುಪೇಟೆ, ಚಾಮರಾಜನಗರಗಳ ಕಡೆಯಿಂದ ಬಂದ ನಮ್ಮ ಸಮಾಜದ ಕುಟುಂಬಗಳೂ ಇಂತಹ ಬಡಾವಣೆಗಳಲ್ಲಿ ನೆಲೆಸಿವೆ. ಮೂವತ್ತು ನಲವತ್ತರ ನಿವೇಶನದಲ್ಲಿ ಕೆಳಗೆ ತಾವು, ಮೇಲೆ ಬಾಡಿಗೆಯವರು, ಅದರ ಮೇಲೆ ನೀರಿನ ತೊಟ್ಟಿ. ಪಾಳಿ ಬದಲಾಗುವ ಹೊತ್ತಿನಲ್ಲಿ ಇಲ್ಲಿ ರಸ್ತೆ ದಾಟುವುದೂ ಒಂದು ತಪಸ್ಸೇ.

೧೯೦೧ರಲ್ಲಿ ಮೈಸೂರು ನಗರದ ಜನಸಂಖ್ಯೆ ೬೮,೧೧೧. ೨೦೧೧ರ ಹೊತ್ತಿಗೆ ಅದು ಒಂಬತ್ತು ಲಕ್ಷವನ್ನು ಸಮೀಪಿಸಿತ್ತು. ಆ ವರ್ಷದ ಗಣತಿಯಂತೆ ಚದರ ಕಿಲೋಮೀಟರಿಗೆ ಭಾರತದಲ್ಲಿ ೩೮೨ ಜನ, ಕರ್ನಾಟಕದಲ್ಲಿ ೩೧೯ ಜನ. ಬೆಂಗಳೂರು ನಗರ ಜಿಲ್ಲೆಯಲ್ಲಾದರೋ ನಾಲ್ಕು ಸಾವಿರವನ್ನೂ ಮೀರಿ! ೨೦೨೧ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಮುಂದಿನದು ೨೦೨೭ರ ಮಾರ್ಚ್ ೧ನ್ನು ಆಧಾರ ದಿನವಾಗಿರಿಸಿಕೊಂಡು ನಡೆಯಬೇಕೆಂದು ೨೦೨೫ರಲ್ಲಿ ಗೊತ್ತುಪಡಿಸಲಾಯಿತು.

ಜನ ಹೆಚ್ಚಿದುದೇ ದೋಷವೆಂದು ನಾವು ಹೇಳೆವು. ಪ್ಲೇಗಿನ ಹಾವಳಿಯ ತರುವಾಯ ೧೯೦೩ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪಿತವಾಗಿ, ಇಕ್ಕಟ್ಟಾದ ಕೇರಿಗಳನ್ನು ತೆರವುಗೊಳಿಸಿ ಅಗಲವಾದ ಬೀದಿಗಳ ಬಡಾವಣೆಗಳನ್ನು ನಿರ್ಮಿಸಿತು. ಅಂದು ಯೋಜನೆ ಮುಂದಾಗಿ ಮನೆಗಳು ಹಿಂದಾಗಿ ಬಂದವು. ಹೂಟಗಳ್ಳಿಯ ಸುತ್ತ ಮನೆಗಳೇ ಮುಂದಾದವು. ಜನಗಣತಿಯ ಲೆಕ್ಕದಲ್ಲಿ ಹೂಟಗಳ್ಳಿ ಪಟ್ಟಣ. ಆಡಳಿತದಲ್ಲಿ ಗ್ರಾಮ ಪಂಚಾಯಿತಿ. ಐದು ಸಾವಿರ ಜನಸಂಖ್ಯೆ, ಚದರ ಕಿಲೋಮೀಟರಿಗೆ ನಾನೂರು ಜನ, ದುಡಿಯುವ ಪುರುಷರಲ್ಲಿ ನಾಲ್ಕರಲ್ಲಿ ಮೂವರು ಬೇಸಾಯೇತರ ವೃತ್ತಿಯವರು – ಇಷ್ಟಾದರೆ ಗಣತಿಯವರು ಊರನ್ನು ಪಟ್ಟಣವೆಂದು ಬರೆದುಕೊಳ್ಳುತ್ತಾರೆ. ಬರೆದುಕೊಂಡ ಮಾತ್ರಕ್ಕೆ ಒಳಚರಂಡಿ ಬಾರದು. ಹಿನಕಲ್, ಕೂರ್ಗಳ್ಳಿ, ಬೆಳವಾಡಿಗಳೊಡನೆ ಸೇರಿ ಹೂಟಗಳ್ಳಿ ನಗರಸಭೆಯಾದುದು ೨೦೨೦ರಲ್ಲಿ.

ನೀರು, ಚರಂಡಿ, ಕಸಗಳ ಮಾತನ್ನು ಪತ್ರಿಕೆಗಳು ದಿನವೂ ಆಡುತ್ತವೆ. ನಮ್ಮ ಗೃಹಸ್ಥರು ಮನೆಯಲ್ಲಿ ಆಡಲು ಹಿಂಜರಿಯುವ ಮಾತೊಂದಿದೆ. ಲಿಂಗೈಕ್ಯರಾದವರನ್ನು ನಾವು ದಹಿಸುವುದಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗವಿರಿಸಿ, ಕುಳ್ಳಿರಿಸಿ, ವಿಭೂತಿ ಬಿಲ್ವಪತ್ರೆಗಳೊಡನೆ ಭೂಮಿಗೆ ಒಪ್ಪಿಸುತ್ತೇವೆ. ಅದಕ್ಕೆ ಬೇಕಾದುದು ನೆಲ. ನಗರದಲ್ಲಿ ಇಲ್ಲವಾಗುತ್ತಿರುವುದೂ ಅದೇ. ಹಳ್ಳಿಯಲ್ಲಿ ಹೊಲದ ಬದುವಿನಲ್ಲಿ ಹಿರಿಯರ ಸಮಾಧಿಯಿರುತ್ತಿತ್ತು. ಬಡಾವಣೆಯ ಮನೆಯಲ್ಲಿ ತಂದೆ ಲಿಂಗೈಕ್ಯರಾದರೆ ಮಕ್ಕಳು ವಾಹನ ಗೊತ್ತುಮಾಡಿ ರಾತ್ರೋರಾತ್ರಿ ಊರಿಗೆ ಒಯ್ಯುತ್ತಾರೆ. ಆ ಮಕ್ಕಳು ಹೊಲವನ್ನು ಮಾರಿದ ಮೇಲೆ ಮೊಮ್ಮಕ್ಕಳು ಎಲ್ಲಿಗೆ ಒಯ್ಯಬೇಕು? ಅನ್ಯರ ಸ್ವತ್ತಾದ ಹೊಲದ ಬದುವಿನಲ್ಲಿ ನಿಂತು ಅಪ್ಪಣೆ ಬೇಡುವುದು ಯಾವ ಮನೆತನಕ್ಕೂ ಒದಗಬಾರದ ಸ್ಥಿತಿ.

ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ ಹಸಿರು ಬಣ್ಣ ಬಳಿದಿರುತ್ತಾರೆ. ರುದ್ರಭೂಮಿಗೆ ಬಣ್ಣವನ್ನು ಕಾಣುವುದು ಅಪರೂಪ. ನಿವೇಶನ ಮಾರುವವರಿಗೆ ಅದು ಅಮಂಗಳ, ಕೊಳ್ಳುವವರಿಗೂ ಅಮಂಗಳ. ಮರಣವೇ ಮಹಾನವಮಿಯೆಂದು ಬಗೆಯುವ ನಮಗೂ ಹಾಗೆಯೇ ತೋರುವುದಾದರೆ ಅದು ಸೋಜಿಗ.

ನಮ್ಮ ಸಂಘಗಳು ಸಮುದಾಯ ಭವನಕ್ಕೆ, ವಿದ್ಯಾರ್ಥಿನಿಲಯಕ್ಕೆ ನಿವೇಶನ ಕೇಳುತ್ತವೆ, ಕೇಳಲಿ. ಅದೇ ಅರ್ಜಿಯೊಡನೆ ಸುತ್ತಲಿನ ಹಳೆಯ ಗ್ರಾಮಗಳ ರುದ್ರಭೂಮಿಗಳ ಸರ್ವೆ ನಂಬರು, ವಿಸ್ತೀರ್ಣಗಳ ಪಟ್ಟಿಯನ್ನು ತಹಸೀಲ್ದಾರರ ಕಚೇರಿಯಿಂದ ಪಡೆದು, ಅಳೆಸಿ, ಬೇಲಿ ಹಾಕಿಸಬೇಕು. ಅಳತೆಯ ದಿನ ಹಳೆಯ ಗಡಿಕಲ್ಲು ಬಲ್ಲ ಹಿರಿಯರೊಬ್ಬರು ಸ್ಥಳದಲ್ಲಿರಬೇಕು. ಅಂಥವರು ಈಗಿನ್ನೂ ಇದ್ದಾರೆ.